ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯದ ಫೆಲೋಶಿಪ್: ಹೈಸ್ಕೂಲ್ ಶಿಕ್ಷಕರಿಗೆ ಯಾವುದು ಆಗ್ತದೆ?

ಉಡುಪಿ ಪಿಸಿಎಂ:
ಸರಕಾರಿ ಪ್ರೌಢಶಾಲೆ, ಪಿಸಿಎಂ (ಭೌತ, ರಸಾಯನ, ಗಣಿತ) ವಿಷಯ. ಬರುವ ಬೇಸಿಗೆ ರಜೆಯಲ್ಲಿ ಯಾವುದಾದರೂ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಕಲಿಯಬೇಕೆಂದಿದೆ. ನೆಟ್ಟಿನಲ್ಲಿ ಹುಡುಕಿದರೆ ಅಮೆರಿಕದ ಆರು ವಾರದ್ದು, ನಮ್ಮ ಅಕಾಡೆಮಿಗಳ ಎರಡು ತಿಂಗಳಿನದ್ದು ಸಿಗ್ತದೆ. ಇವಕ್ಕೆ ನಾವು ಅರ್ಜಿ ಹಾಕಬಹುದಾ? ಮಲ್ಪೆ, ಉದ್ಯಾವರ ಕಡೆಯ ಬಾವಿ ನೀರಿನ ಉಪ್ಪಿನಂಶದ ಮೇಲೆ ಪ್ರಸ್ತಾವನೆ ಬರೆಯುವ ಯೋಚನೆ ಉಂಟು.

ಕೊಣಾಜೆ ಗುಡ್ಡೆ:
ಸರ್, ಆ ಎರಡನ್ನೂ ಬಿಡಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ದುಡ್ಡು ಕೊಡುವುದು ಅಲ್ಲಿಯ ಶಿಕ್ಷಕರಿಗೆ. ಬೆಂಗಳೂರು, ದೆಹಲಿ, ಪ್ರಯಾಗರಾಜದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಫೆಲೋಶಿಪ್ಪಿನಲ್ಲಿ ‘ಟೀಚರ್ಸ್’ ಅಂದರೆ ಕಾಲೇಜು ಅಧ್ಯಾಪಕರು. ಎಂಟು ವಾರ ನಮ್ಮ ರಜೆಯೊಳಗೆ ಹಿಡಿಸುವುದೂ ಇಲ್ಲ.

ಹೈಸ್ಕೂಲಿನವರಿಗೆ ಹೇಳಿ ಮಾಡಿಸಿದ್ದು ಚಳ್ಳಕೆರೆ ಹತ್ತಿರ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನ ಹತ್ತು ದಿನದ ವಸತಿ ತರಬೇತಿ. ಅಲ್ಲಿ ಪ್ರಯೋಗ ಕೈಯಾರೆ ಮಾಡಿಸ್ತಾರೆ. ಒಲಿಂಪಿಯಾಡ್ ಮಟ್ಟದ ಲೆಕ್ಕ ಬೇಕಾದರೆ ಮುಂಬಯಿಯ ಹೋಮಿ ಭಾಭಾ ಕೇಂದ್ರದ ಶಿಕ್ಷಕ ಶಿಬಿರ ನೋಡಿ.

ಬಾವಿ ನೀರಿನ ಕೆಲಸಕ್ಕೆ ಮಾತ್ರ ಹತ್ತಿರದ ಲ್ಯಾಬೇ ಸರಿ. ಕೊಣಾಜೆ (ಮಂಗಳೂರು ವಿ.ವಿ.), ಸುರತ್ಕಲ್ (ಎನ್‌ಐಟಿಕೆ), ಮಣಿಪಾಲ ಮೂರರಲ್ಲಿ ಎಲ್ಲಾದರೂ ಒಬ್ಬ ಪ್ರಾಧ್ಯಾಪಕರಿಗೆ ಒಂದೇ ಪುಟದ ಪತ್ರ ಬರೆದು ಮೂರು ವಾರ ಲ್ಯಾಬಿನಲ್ಲಿ ಕೆಲಸ ಮಾಡಲು ಜಾಗ ಕೇಳಿ. ಏಪ್ರಿಲ್ ಬೇಡ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಆದೇಶ ಬಂದರೆ ಎಲ್ಲ ಬುಡಮೇಲು. ಮೇ ಮೊದಲ ವಾರದಿಂದ ಹಿಡಿಯಿರಿ. ಅವರ ಒಪ್ಪಿಗೆ ಪತ್ರದಲ್ಲಿ ‘ಬೇಸಿಗೆಯಲ್ಲಿ’ ಎಂದಿದ್ದರೆ ಸಾಲದು, ಇಂಥ ದಿನದಿಂದ ಇಂಥ ದಿನದವರೆಗೆ ಎಂದೇ ಬರೆಸಿಕೊಳ್ಳಿ. ಅದನ್ನಿಟ್ಟು ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಜನವರಿಯಲ್ಲೇ ಮನವಿ ಕೊಡಿ. ಕೇಂದ್ರ ಸ್ಥಾನ (ಕೆಲಸದ ಊರು) ಬಿಡುವ ಅನುಮತಿಯನ್ನೂ ಅದರಲ್ಲೇ ಕೇಳಿ.

ಬ್ಯೂರೆಟ್:
ಪ್ರಸ್ತಾವನೆಯಲ್ಲಿ ‘ಜ್ಞಾನ ವೃದ್ಧಿ’ ಅಂತೆಲ್ಲ ಬರೆದರೆ ಯಾರೂ ಓದುವುದಿಲ್ಲ. ಲ್ಯಾಬಿನಲ್ಲಿ ಏನು ಅಳೆಯುತ್ತೀರಿ, ಜೂನಿನಲ್ಲಿ ಶಾಲೆಗೆ ಏನು ಬರ್ತದೆ, ಎರಡೇ ಬರೆಯಿರಿ.

ಅಳೆಯುವುದು ಉಪ್ಪಿನಲ್ಲಿರುವ ಕ್ಲೋರೈಡ್. 2.395 ಗ್ರಾಂ ಸಿಲ್ವರ್ ನೈಟ್ರೇಟನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿ, ಕಂದು ಬಾಟಲಿಯಲ್ಲಿಡಿ. 50 ಮಿ.ಲೀ. ಬಾವಿ ನೀರಿಗೆ 5% ಪೊಟ್ಯಾಸಿಯಂ ಕ್ರೋಮೇಟ್ ಅರ್ಧ ಮಿ.ಲೀ. ಹಾಕಿ, ಆ ಸಿಲ್ವರ್ ನೈಟ್ರೇಟನ್ನು ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ಬಿಡುತ್ತಾ ಟೈಟ್ರೇಟ್ ಮಾಡಿ. ಹಳದಿ ಹೋಗಿ ಇಟ್ಟಿಗೆಯ ಛಾಯೆ ನಿಂತ ಕೂಡಲೇ ನಿಲ್ಲಿಸಿ. ಬ್ಯೂರೆಟ್ ರೀಡಿಂಗನ್ನು 10ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ. ಎಂದು ಸಿಗ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಹೇಳುವ ಸ್ವೀಕಾರಾರ್ಹ ಮಿತಿ 250, ಅಂದರೆ 25 ಮಿ.ಲೀ. ರೀಡಿಂಗ್.

ನಮ್ಮ ಊರಿನಲ್ಲಿ ತಪ್ಪುವುದು ಇಲ್ಲಿ: ಮುರಕಲ್ಲಿನ (ಜಂಬಿಟ್ಟಿಗೆ) ಬಾವಿ ನೀರು ಸಾಮಾನ್ಯವಾಗಿ ಹುಳಿ, ಪಿಎಚ್ 7ಕ್ಕಿಂತ ಕೆಳಗೆ. ಆಗ ಕ್ರೋಮೇಟ್ ಡೈಕ್ರೋಮೇಟ್ ಆಗಿ ಬಣ್ಣ ತಡವಾಗಿ ಬರ್ತದೆ, ಉಪ್ಪು ಇದ್ದದ್ದಕ್ಕಿಂತ ಜಾಸ್ತಿ ಕಾಣ್ತದೆ. ಚಿಟಿಕೆ ಸೋಡಿಯಂ ಬೈಕಾರ್ಬನೇಟ್ ಹಾಕಿ. ಅಷ್ಟೇ ಚಿಟಿಕೆ ಹಾಕಿದ ಭಟ್ಟಿ ನೀರಿನ ಬ್ಲ್ಯಾಂಕ್ ರೀಡಿಂಗನ್ನು ಗುಣಿಸುವ ಮೊದಲೇ ಕಳೆಯಿರಿ.

ಕ್ರೋಮೇಟ್ ಕ್ಯಾನ್ಸರ್‌ಕಾರಕ. ಮಕ್ಕಳ ಕೈಗೆ ಕೊಡಬೇಡಿ, ಸಿಂಕಿಗೂ ಸುರಿಯಬೇಡಿ. ಅದಕ್ಕೇ ಲ್ಯಾಬಿನಲ್ಲಿರುವಾಗಲೇ ಇಪ್ಪತ್ತು ಬಾವಿಗಳ ಕ್ಲೋರೈಡ್ ಒಂದು ಅಕ್ಷ, ಟಿಡಿಎಸ್ ಪೆನ್ನಿನ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ತೋರಿಸುವ ಸಾಧನ) ರೀಡಿಂಗ್ ಇನ್ನೊಂದು ಅಕ್ಷ ಇಟ್ಟು ಗ್ರಾಫ್ ಎಳೆದುಕೊಳ್ಳಿ. ಶಾಲೆಗೆ ಪೆನ್ನು ಮತ್ತು ಗ್ರಾಫ್ ಬಂದರೆ ಸಾಕು. ಪೆನ್ನು ಎಲ್ಲ ಅಯಾನುಗಳನ್ನೂ ಅಳೆಯುವುದರಿಂದ ಈ ಗ್ರಾಫ್ ಬೇರೆ ಊರಿಗೆ ಸಲ್ಲುವುದಿಲ್ಲ.

ಉಡುಪಿ ಪಿಸಿಎಂ:
ತುಂಬಾ ಉಪಕಾರ. ಗಣಿತಕ್ಕೆ ಇದನ್ನು ಹೇಗೆ ಜೋಡಿಸುವುದು?

ಕೊಣಾಜೆ ಗುಡ್ಡೆ:
ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರಕ್ಕೆ, ಸರ್. ಐದು ಬಾವಿಗಳಲ್ಲಿ 20, 25, 30, 35, 890 ಬಂತು ಅಂತಿಟ್ಟುಕೊಳ್ಳಿ. ಸರಾಸರಿ 200, ಮಧ್ಯಾಂಕ 30. ಹೊಳೆ ಕಡಲು ಸೇರುವಲ್ಲಿಯ ಆ 890ರ ಒಂದೇ ಬಾವಿ ಸರಾಸರಿಯನ್ನು ಎಲ್ಲಿಗೆ ಎಳೆಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆಯೇ ಕಾಣ್ತದೆ. ಪ್ರಸ್ತಾವನೆಯ ಕೊನೆಯ ಪ್ಯಾರಾಕ್ಕೆ ಈ ಐದು ಸಂಖ್ಯೆಯನ್ನು ಉದಾಹರಣೆ ಎಂದೇ ಹೇಳಿ ಹಾಕಿ.