ಇಂಟರ್ನ್‌ಶಿಪ್ ಅರ್ಜಿಗಳ ಬಗ್ಗೆ ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದ ವಿದ್ಯಾರ್ಥಿನಿಯಾದ ನಾನು ಎರಡು ತಿಂಗಳಲ್ಲಿ 34 ಇಂಟರ್ನ್‌ಶಿಪ್‌ಗಳಿಗೆ ಅರ್ಜಿ ಹಾಕಿದ್ದರೂ ಸಂದರ್ಶನಕ್ಕೆ ಕರೆ ಬಂದಿರುವುದು ಒಂದೇ ಕಡೆಯಿಂದ. ಹಳೆಯ ಅರ್ಜಿಗಳನ್ನು ತೆರೆದು ನೋಡಿದಾಗ, ಎಲ್ಲರಿಗೂ ಒಂದೇ ರೆಸ್ಯೂಮೆ ಕಳುಹಿಸಿರುವುದು, ಒಂದು ಕವರ್ ಲೆಟರ್‌ನಲ್ಲಂತೂ ಹಿಂದಿನ ಸಂಸ್ಥೆಯ ಹೆಸರೇ ಉಳಿದುಕೊಂಡಿರುವುದು ಕಂಡು ಬಹಳ ಬೇಸರವಾಯಿತು. ಈಗ ರೆಸ್ಯೂಮೆಯನ್ನು ಒಂದೇ ಪುಟಕ್ಕೆ ಇಳಿಸಿ, ‘ಗ್ರಂಥಾಲಯ ಪ್ರಾಜೆಕ್ಟ್’ ಎಂದಷ್ಟೇ ಇದ್ದ ಸಾಲನ್ನು ‘1,200 ಪುಸ್ತಕಗಳ ದಾಖಲೆಯಲ್ಲಿ ಹುಡುಕುವ ವ್ಯವಸ್ಥೆಯನ್ನು ಪೈಥಾನ್ ಬಳಸಿ ರೂಪಿಸಿದೆ’ ಎಂದು ತಿದ್ದಿದ್ದೇನೆ. ಅನೇಕ ಸಂಸ್ಥೆಗಳು ಅರ್ಜಿಗಳನ್ನು ಮೊದಲು ತಂತ್ರಾಂಶದ ಮೂಲಕವೇ ಸೋಸುವುದರಿಂದ, ಅದು ಸರಿಯಾಗಿ ಓದಲಾರದೇ ಹೋಗಬಹುದಾದ ಎರಡು ಕಾಲಮ್‌ಗಳ ವಿನ್ಯಾಸವನ್ನೂ ಕೈಬಿಟ್ಟೆ. ಕೆಲಸದ ಅನುಭವವಿಲ್ಲದವರ ಅರ್ಜಿಯಲ್ಲಿ ಮೊದಲು ಏನನ್ನು ಗಮನಿಸುತ್ತೀರಿ, ಎಷ್ಟು ದಿನ ಕಾದು ನೆನಪಿನ ಇಮೇಲ್ ಕಳುಹಿಸಿದರೆ ಒತ್ತಾಯವೆನಿಸುವುದಿಲ್ಲ ಎಂಬುದನ್ನು ನೇಮಕಾತಿಯಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.