ಪುಟ್ಟನ ಚಾನೆಲ್ ಮತ್ತು ಎರಡು ಲಕ್ಷದ ಕ್ಯಾಮೆರಾ

ಭಾವ, ನೀವು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದಕ್ಕೆ ಎಲ್ಲರೂ ಒಂದೊಂದು ಸಾಲಿನಲ್ಲಿ ಉತ್ತರ ಹೇಳಿ ಮುಗಿಸಿದ್ದಾರೆ. ನನಗೆ ಒಂದು ಸಾಲು ಸಾಲದು ಎನಿಸಿದ್ದರಿಂದ, ತೋಟದಿಂದ ಬಂದು ಕೈಕಾಲು ತೊಳೆದು, ಸಾವಕಾಶವಾಗಿ ಕುಳಿತು ಹೇಳುತ್ತಿದ್ದೇನೆ. ಸಂದೇಶ ಉದ್ದವಾದರೆ ಅಕ್ಕ ಬೈಯದಿರಲಿ. ಪುಟ್ಟ ಬೆಂಗಳೂರಿನ ಕೆಲಸ ಬಿಟ್ಟು ಮಲೆನಾಡಿನ ಬದುಕನ್ನು ತೋರಿಸುವ ಯೂಟ್ಯೂಬ್ ಚಾನೆಲ್ ಶುರುಮಾಡುತ್ತಾನೆ, ಅದಕ್ಕೆ ಎರಡು ಲಕ್ಷದ ಕ್ಯಾಮೆರಾ ಬೇಕಂತೆ, ಮನೆಯವರೆಲ್ಲ ಸೇರಿ ಹಣ ಹೊಂದಿಸಿಕೊಡಬಹುದೇ ಎಂದು ಕೇಳಿದ್ದೀರಿ. ಏಳು ವರ್ಷಗಳಿಂದ ಶಿರಸಿಯಲ್ಲಿ ಕುಳಿತು ಇದೇ ಕೆಲಸ ಮಾಡುತ್ತಿರುವವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾಕ್ಕೆ ಹಣ ಕೊಡಬೇಡಿ, ಈಗಲೇ ಕೆಲಸ ಬಿಡಲು ಒಪ್ಪಬೇಡಿ, ಆದರೆ ಅವನನ್ನು ತಡೆಯಲೂ ಬೇಡಿ.

ನನ್ನ ಚಾನೆಲ್‌ನ ಲೆಕ್ಕವನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಮನೆಯವರ ಮುಂದೆ ಮುಚ್ಚಿಡುವುದೇನಿದೆ. ಚಂದಾದಾರರು 26,000 ಜನ ಇದ್ದಾರೆ. ಕಳೆದ ವರ್ಷ ಜಾಹೀರಾತಿನಿಂದ ಬಂದದ್ದು ಸುಮಾರು 41,000 ರೂಪಾಯಿ, ಅಂದರೆ ತಿಂಗಳಿಗೆ ಮೂರೂವರೆ ಸಾವಿರವೂ ಇಲ್ಲ. ನೂರು ಡಾಲರ್ ತುಂಬದೆ ಗೂಗಲ್ ಹಣ ಬಿಡುಗಡೆ ಮಾಡುವುದಿಲ್ಲವಾದ್ದರಿಂದ ಅದೂ ತಿಂಗಳು ತಿಂಗಳು ಬರುವುದಲ್ಲ, ಎರಡು ಮೂರು ತಿಂಗಳಿಗೊಮ್ಮೆ ಒಟ್ಟಾಗಿ ಬರುತ್ತದೆ. ಕನ್ನಡದ ವಿಡಿಯೋವನ್ನು ಸಾವಿರ ಸಲ ನೋಡಿದರೆ ನನ್ನ ಕೈಗೆ ಸಿಗುವುದು 35ರಿಂದ 40 ರೂಪಾಯಿ. ವಿಡಿಯೋದ ಮೇಲೆ ಬರುವ ಜಾಹೀರಾತಿನ ಹಣದಲ್ಲಿ ಶೇಕಡಾ 55 ನಮಗೆ, ಉಳಿದದ್ದು ಯೂಟ್ಯೂಬಿಗೆ ಎಂಬ ಪಾಲು ಕಳೆದ ಮೇಲೆ ಉಳಿಯುವ ಮೊತ್ತ ಅದು. ಇನ್ನೊಂದು ವಿಚಿತ್ರವನ್ನೂ ಕೇಳಿ. ನನ್ನ ವಿಡಿಯೋಗಳನ್ನು ನೋಡುವವರಲ್ಲಿ ಅಮೆರಿಕದಲ್ಲಿರುವ ಕನ್ನಡಿಗರು ಹತ್ತರಲ್ಲೊಂದು ಪಾಲೂ ಇಲ್ಲ, ಆದರೆ ಜಾಹೀರಾತಿನ ಹಣದಲ್ಲಿ ಮೂರನೇ ಒಂದು ಭಾಗ ಅವರು ನೋಡಿದ್ದರಿಂದಲೇ ಬರುತ್ತದೆ, ಏಕೆಂದರೆ ಅಲ್ಲಿ ಜಾಹೀರಾತಿನ ದರವೇ ಬೇರೆ. 2021ರಿಂದ ಆ ಭಾಗದ ಮೇಲೆ ಅಮೆರಿಕದ ತೆರಿಗೆಯೂ ಇದೆ. ಪ್ಯಾನ್ ಸಂಖ್ಯೆ ಕೊಟ್ಟು ಗೂಗಲ್ ಕೇಳುವ ತೆರಿಗೆ ಫಾರಂ ತುಂಬಿದರೆ ಶೇಕಡಾ 15 ಮಾತ್ರ ಹಿಡಿಯುತ್ತಾರೆ, ತುಂಬದಿದ್ದರೆ ಲೋಕದಲ್ಲಿ ಎಲ್ಲಿಂದ ಬಂದ ಗಳಿಕೆಯಾದರೂ ಸರಿ, ಒಟ್ಟು ಮೊತ್ತದ ಮೇಲೆ ಶೇಕಡಾ 24ರವರೆಗೆ ಹಿಡಿಯಬಹುದು. ಪುಟ್ಟನಿಗೆ ಈ ಫಾರಂ ವಿಷಯ ಈಗಲೇ ಹೇಳಿಡಿ.

ಇಷ್ಟಾದರೂ ಬರಬೇಕಾದರೆ ಮೊದಲು ಬಾಗಿಲು ತೆರೆಯಬೇಕು. ಸಾವಿರ ಚಂದಾದಾರರು ಸೇರಬೇಕು, ಹನ್ನೆರಡು ತಿಂಗಳೊಳಗೆ ಜನರು 4,000 ಗಂಟೆ ನೋಡಿರಬೇಕು, ಅಥವಾ ಶಾರ್ಟ್ಸ್ ಎಂಬ ಕಿರು ವಿಡಿಯೋಗಳಾದರೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ಸಲ ನೋಡಿರಬೇಕು. ನನಗೆ ಆ ಬಾಗಿಲು ತೆರೆಯಲು ಎರಡು ವರ್ಷ ಹಿಡಿಯಿತು. ವಿಳಾಸ ಖಾತರಿಗಾಗಿ ಗೂಗಲ್ ಅಂಚೆಯಲ್ಲಿ ಪಿನ್ ಸಂಖ್ಯೆಯ ಲಕೋಟೆ ಕಳುಹಿಸುತ್ತದೆ. ನಮ್ಮ ಅಂಚೆಯಣ್ಣ ಅದನ್ನು ಬ್ಯಾಂಕಿನ ಯಾವುದೋ ಕಾಗದವೆಂದು ತಿಳಿದು ಸೊಸೈಟಿಯಲ್ಲಿ ಕೊಟ್ಟು ಹೋಗಿದ್ದ, ಅದು ಮೂರು ವಾರ ಅಡಿಕೆ ರಸೀದಿಗಳ ಕಟ್ಟಿನಲ್ಲಿ ಸುಮ್ಮನೆ ಬಿದ್ದಿತ್ತು. ಡಾಕ್ಟರ್ ಬ್ರೋ ಎಂದು ನಾಡೆಲ್ಲ ಕರೆಯುವ ಗಗನ್ ಅವರ ಉದಾಹರಣೆಯನ್ನು ಪುಟ್ಟ ಕೊಟ್ಟನೆಂದು ಬರೆದಿದ್ದೀರಿ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ, ಆದರೆ ದೇಶದೇಶ ಸುತ್ತಿ ಕನ್ನಡದಲ್ಲಿ ತೋರಿಸುವವರಿಗೆ ಇಡೀ ಕರ್ನಾಟಕವೇ ಪ್ರೇಕ್ಷಕರು. ಜೋನಿಬೆಲ್ಲದ, ಅಂದರೆ ನೀರುಬೆಲ್ಲದ, ಪಾಕ ಹೇಗೆ ನೋಡಬೇಕು ಎಂಬುದನ್ನು ಇಪ್ಪತ್ತು ನಿಮಿಷ ಕೂತು ನೋಡುವವರ ಸಂಖ್ಯೆಗೆ ಒಂದು ಮಿತಿ ಇದೆ, ಆ ಮಿತಿಯನ್ನು ಕ್ಯಾಮೆರಾ ದೊಡ್ಡದು ಮಾಡಲಾರದು.

ಹಾಗಾದರೆ ನಾನು ಹೇಗೆ ನಡೆಸುತ್ತಿದ್ದೇನೆ ಎಂದು ಕೇಳಬಹುದು. ನಮ್ಮ ಕಡೆಯ ಹರಕೆಯಾಟವನ್ನು, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನವನ್ನು ನೆನಪಿಸಿಕೊಳ್ಳಿ. ಹರಕೆ ಹೊತ್ತ ಮನೆಯವರು ಮೇಳಕ್ಕೆ ವೀಳ್ಯ ಕೊಟ್ಟು ಆಟ ಆಡಿಸುತ್ತಾರೆ, ನೋಡಲು ಬಂದ ಊರಿಗೆಲ್ಲ ಟಿಕೆಟ್ ಇಲ್ಲ. ಕಟೀಲು ಮೇಳದ ಹರಕೆಯಾಟಕ್ಕೆ ಎಷ್ಟೋ ವರ್ಷ ಮೊದಲೇ ಹೆಸರು ಬರೆಸಿ ಕಾಯುವವರಿದ್ದಾರೆ. ಡೇರೆ ಮೇಳದ ಹಾಗೆ ಬಾಗಿಲಲ್ಲಿ ಹಣ ವಸೂಲು ಮಾಡುವುದು ಅಂತರ್ಜಾಲದಲ್ಲಿ ನಮ್ಮಂಥವರಿಗೆ ಆಗಿಬರುವುದಿಲ್ಲ, ಆದರೆ ಒಬ್ಬರು ವೀಳ್ಯ ಕೊಟ್ಟರೆ ಎಲ್ಲರೂ ನೋಡುವ ಪದ್ಧತಿ ಚೆನ್ನಾಗಿ ನಡೆಯುತ್ತದೆ. ನಾನು ತಮಾಷೆಗೆ ಹರಕೆ ವಿಡಿಯೋ ಎಂದು ಕರೆದದ್ದು ಈಗ ಹೆಸರಾಗಿಯೇ ಉಳಿದಿದೆ. ತಮ್ಮ ಅಜ್ಜಿಯ ಹಾಡುಗಳು ಉಳಿಯಲಿ ಎಂದೋ, ಮನೆಯ ಹಳೆಯ ಅಡುಗೆ ಮೊಮ್ಮಕ್ಕಳಿಗೆ ಗೊತ್ತಾಗಲಿ ಎಂದೋ ಒಂದು ಮನೆಯವರು 6,000 ರೂಪಾಯಿ ಕೊಡುತ್ತಾರೆ, ನಾನು ಹೋಗಿ ಚಿತ್ರಿಸಿ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ. ಕಳೆದ ವರ್ಷ ಇಂಥವು ಹದಿನಾಲ್ಕು ಆದವು, 84,000 ರೂಪಾಯಿ ಬಂತು. ವಿಡಿಯೋದ ಕೊನೆಯಲ್ಲಿ ತೋರಿಸುವ ಯುಪಿಐ ಕೋಡಿಗೆ ನೋಡುಗರು ತಾವಾಗಿ ಕಳುಹಿಸಿದ ಐವತ್ತು, ನೂರು ಸೇರಿ 22,000 ಆಯಿತು. ಒಟ್ಟು 1,47,000ದಲ್ಲಿ ಪೆಟ್ರೋಲು, ಹಾರ್ಡ್ ಡಿಸ್ಕ್, ಇಂಟರ್‌ನೆಟ್ಟು, ಜೊತೆಗೆ ಬರುವ ಹುಡುಗನ ಸಂಬಳ ಎಂದು 38,000 ಖರ್ಚು ಕಳೆದರೆ ತಿಂಗಳಿಗೆ ಒಂಬತ್ತು ಸಾವಿರ ಉಳಿಯುತ್ತದೆ. ತೋಟವಿರುವ ನನಗೆ ಅದು ಸಾಕು. ಬಾಡಿಗೆ ಮನೆಯಲ್ಲಿರುವ ಪುಟ್ಟನಿಗೆ ಸಾಕಾಗುವುದಿಲ್ಲ.

ನೋಡುಗರೇ ಹಣ ಹಾಕುವುದು ಕನ್ನಡಕ್ಕೂ ಹೊಸದಲ್ಲ. ಪವನ್ ಕುಮಾರ್ ಅವರು ಲೂಸಿಯಾ ಚಿತ್ರಕ್ಕೆ ನಿರ್ಮಾಪಕರು ಸಿಗದಿದ್ದಾಗ ಅಂತರ್ಜಾಲದಲ್ಲಿ ಪ್ರೇಕ್ಷಕರನ್ನೇ ನೇರವಾಗಿ ಕೇಳಿ, ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ, 2013ರಲ್ಲಿ ಅದನ್ನು ತೆರೆಗೆ ತಂದರು. ಅದೇ ವರ್ಷ ಅಮೆರಿಕದಲ್ಲಿ ಜಾಕ್ ಕಾಂಟೆ ಎಂಬ ಸಂಗೀತಗಾರ, ತನ್ನ ವಿಡಿಯೋಗೆ ಹಾಕಿದ ಖರ್ಚಿನ ಹತ್ತಿರಕ್ಕೂ ಜಾಹೀರಾತಿನ ಹಣ ಬರುವುದಿಲ್ಲವೆಂದು ಕಂಡು, ಅಭಿಮಾನಿಗಳು ತಿಂಗಳು ತಿಂಗಳು ಇಷ್ಟಿಷ್ಟು ಕೊಡುವ ಪೇಟ್ರಿಯಾನ್ ಎಂಬ ವ್ಯವಸ್ಥೆಯನ್ನು ಗೆಳೆಯನೊಬ್ಬನೊಂದಿಗೆ ಶುರುಮಾಡಿದ. ನಾನೂ ಅದನ್ನು ಹಿಡಿದು ನೋಡಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲೆ ನನ್ನ ಇಲ್ಲಿಯ ಒಂಬತ್ತು ಪೋಷಕರಲ್ಲಿ ಏಳು ಜನರ ಪಾವತಿ ಒಂದೇ ತಿಂಗಳಲ್ಲಿ ನಿಂತುಹೋಯಿತು. ಅವರಾರೂ ಬೇಕೆಂದು ಬಿಟ್ಟವರಲ್ಲ. ಆಮೇಲೆ ಯುಪಿಐಗೆ ಬಂದೆ.

ಹಣ ಕೊಟ್ಟವರ ಮಾತು ಎಲ್ಲಿಯವರೆಗೆ ನಡೆಯಬೇಕು ಎಂಬುದನ್ನು ಮಾತ್ರ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಪ್ರಸಂಗ ಅವರ ಆಯ್ಕೆ, ಕುಣಿತ ನಮ್ಮದು ಎಂದು ನಾನು ಹೇಳಿಬಿಡುತ್ತೇನೆ. ಒಂದು ಮನೆಯ ಅಜ್ಜಿ ಬೀಗರನ್ನು ಹಂಗಿಸುವ ಮದುವೆ ಹಾಡನ್ನು ಬಾಯ್ತುಂಬ ನಗುತ್ತಾ ಹಾಡಿದರು. ಹಾಡುವಾಗ ಮಧ್ಯೆ ಒಮ್ಮೆ ನಿಲ್ಲಿಸಿ, ಎಲೆಯಡಿಕೆ ಉಗುಳಿ ಬಂದು, ಬಿಟ್ಟ ಪದದಿಂದಲೇ ಮತ್ತೆ ಎತ್ತಿಕೊಂಡರು. ಹಣ ಕೊಟ್ಟ ಮಗನಿಗೆ ಆ ಹಾಡು ನಾಲ್ಕು ಜನರ ಮುಂದೆ ಸರಿಹೋಗದು ಎನಿಸಿ ಅದನ್ನು ಕತ್ತರಿಸಲು ಹೇಳಿದರು. ನಾನು ಮುಂಗಡದ 3,000 ಹಿಂದಿರುಗಿಸಿ, ಅಜ್ಜಿಯನ್ನು ಕೇಳಿ, ಅವರು ಹೂಂ ಎಂದ ಮೇಲೆ ಹಾಗೆಯೇ ಹಾಕಿದೆ. ನನ್ನ ಚಾನೆಲ್‌ನಲ್ಲಿ ಇಂದಿಗೂ ಅತಿ ಹೆಚ್ಚು ಜನ ನೋಡಿರುವುದು ಅದನ್ನೇ, ಮಗನೂ ಈಗ ತಮ್ಮ ನೆಂಟರಿಗೆಲ್ಲ ಅದರ ಲಿಂಕ್ ಕಳುಹಿಸುತ್ತಾರಂತೆ.

ಕಂಪನಿಗಳ ಹಣದ ವಿಷಯದಲ್ಲಿ ನಾನು ಇನ್ನೂ ಬಿಗಿ. ಮೊಣಕಾಲು ನೋವಿನ ಎಣ್ಣೆ ತಯಾರಿಸುವವರೊಬ್ಬರು, ನಾನೇ ಹಚ್ಚಿಕೊಂಡು ವಾಸಿಯಾಯಿತು ಎಂದು ಹೇಳಿದರೆ 15,000 ಕೊಡುತ್ತೇವೆ ಎಂದಿದ್ದರು. ನನಗೆ ಮೊಣಕಾಲು ನೋವೇ ಇಲ್ಲ. ಆತ್ಮಸಾಕ್ಷಿಯ ಮಾತು ಹಾಗಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಹಣ ಪಡೆದು ಹೇಳಿದ ಮಾತನ್ನು ಜಾಹೀರಾತು ಎಂದು ಎದ್ದುಕಾಣುವಂತೆ ತಿಳಿಸಲೇಬೇಕು.

ಈಗ ಕ್ಯಾಮೆರಾಕ್ಕೆ ಬರುತ್ತೇನೆ. ಮೊದಲ ವರ್ಷ ಸಿದ್ದಾಪುರದ ಹತ್ತಿರದ ಒಂದು ಆಲೆಮನೆಗೆ ರಾತ್ರಿ ಹೋಗಿದ್ದೆ. ಕೊಪ್ಪರಿಗೆಯ ಮುಂದೆ ನಿಂತಿದ್ದ ಹಿರಿಯರು ಪಾಕವನ್ನು ಕಣ್ಣಿನಿಂದಲ್ಲ, ಕಿವಿಯಿಂದ ನೋಡುತ್ತಿದ್ದರು. ನೊರೆ ಏಳುವಾಗ ಒಂದು ಸದ್ದು, ನೊರೆ ಇಳಿದು ರಸ ದಪ್ಪವಾದಾಗ ಗುಳ್ಳೆ ಒಡೆಯುವ ಇನ್ನೊಂದು ಸದ್ದು, ಆ ಎರಡನೆಯ ಸದ್ದು ನಿಧಾನವಾಯಿತೆಂದರೆ ಬೆಂಕಿ ಹಿಂದಕ್ಕೆ ಎಳೆಯಬೇಕು ಎಂದು ನಲವತ್ತು ನಿಮಿಷ ವಿವರಿಸಿದರು. ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಿಂದ ಉರುಳಿಸಿ ತೋರಿಸಿದ್ದು ಆಮೇಲೆ, ಅದೂ ನನ್ನ ಸಮಾಧಾನಕ್ಕೆ. ಮನೆಗೆ ಬಂದು ಹಾಕಿ ನೋಡಿದರೆ ಚಿತ್ರ ಬಹಳ ಚೆನ್ನಾಗಿತ್ತು, ಉರಿಯ ಬೆಳಕು ಅವರ ಮುಖದ ಮೇಲೆ ಆಡುತ್ತಿತ್ತು, ಆದರೆ ಕೇಳಿಸುತ್ತಿದ್ದದ್ದು ಗಾಣದ ಡೀಸೆಲ್ ಎಂಜಿನ್ ಒಂದೇ. ಫೋನಿನ ಮೈಕಿಗೆ ಯಾವುದು ಮಾತು, ಯಾವುದು ಗದ್ದಲ ಎಂಬುದು ತಿಳಿಯುವುದಿಲ್ಲ. ಮರುವರ್ಷ ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕನ್ನು 3,500 ರೂಪಾಯಿಗೆ ಕೊಂಡು ಹೋದಾಗ ಆ ಹಿರಿಯರು ಮಗಳ ಮನೆಗೆ ಹೋಗಿದ್ದರು, ಕೊಪ್ಪರಿಗೆಯನ್ನು ಬೇರೆಯವರು ನೋಡುತ್ತಿದ್ದರು. ಎರಡು ಲಕ್ಷದ ಕ್ಯಾಮೆರಾ ಇದ್ದಿದ್ದರೂ ಅಂದು ಅದೇ ಎಂಜಿನ್ ಕೇಳಿಸುತ್ತಿತ್ತು ಭಾವ. ಚಿತ್ರ ಸ್ವಲ್ಪ ಮಂಕಾದರೆ ಜನರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಅರ್ಧ ನಿಮಿಷದಲ್ಲಿ ಎದ್ದುಹೋಗುತ್ತಾರೆ. ಕತ್ತರಿಸಿ ಜೋಡಿಸಲು ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯೇ ನನಗೆ ಸಾಕಾಗಿದೆ.

ಎರಡನೆಯ ಆಲೆಮನೆಯ ವಿಡಿಯೋದಲ್ಲಿ ಇನ್ನೊಂದು ಪಾಠವಾಯಿತು. ಮೂಲೆಯಲ್ಲಿ ಯಾರದೋ ರೇಡಿಯೋ ಹಳೆಯ ಚಿತ್ರಗೀತೆಯೊಂದನ್ನು ಹಾಡುತ್ತಿತ್ತು, ನನ್ನ ಗಮನಕ್ಕೇ ಬಂದಿರಲಿಲ್ಲ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಯಂತ್ರ ಅದನ್ನು ಹಿಡಿಯಿತು, ಆ ಹಾಡಿನ ಹಕ್ಕುಳ್ಳ ಕಂಪನಿಗೆ ಆ ವಿಡಿಯೋದ ಜಾಹೀರಾತಿನ ಹಣ ಹೋಗತೊಡಗಿತು. ಆ ನಲವತ್ತು ಸೆಕೆಂಡನ್ನು ಮೌನವಾಗಿಸಿದ ಮೇಲೆ ಬಿಡುಗಡೆಯಾಯಿತು. ಈಗ ಎಲ್ಲಿಗೆ ಹೋದರೂ ಮೊದಲು ರೇಡಿಯೋ ಆರಿಸಲು ಬೇಡಿಕೊಳ್ಳುತ್ತೇನೆ, ಜನ ನನ್ನನ್ನು ಹಾಡು ಕಂಡರಾಗದವಳು ಎಂದುಕೊಂಡಿದ್ದಾರೆ.

ಪುಟ್ಟನಿಗೆ ಅತಿ ಮುಖ್ಯವಾಗಿ ಹೇಳಬೇಕಾದದ್ದು ಮೂಲಪ್ರತಿಯ ವಿಷಯ. 2005ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲಿಪ್ ಟಿವಿ ಎಂಬ ತಾಣ ಹುಟ್ಟಿತ್ತು. ಸ್ವಂತವಾಗಿ ವಿಡಿಯೋ ಮಾಡುವವರಿಗೆ ಜಾಹೀರಾತಿನ ಹಣದಲ್ಲಿ ಸಮಪಾಲು ಕೊಟ್ಟು ಒಳ್ಳೆಯ ಹೆಸರು ಗಳಿಸಿದ ಆ ತಾಣವನ್ನು ಹತ್ತು ವರ್ಷಗಳಲ್ಲಿ ಕೈಬದಲಾದ ಮೇಲೆ, 2015ರ ಆಗಸ್ಟಿನಲ್ಲಿ ಮುಚ್ಚಿಬಿಟ್ಟರು. ಅಷ್ಟು ದೂರ ಏಕೆ, 2020ರ ಜೂನ್ 29ರ ರಾತ್ರಿ ನಮ್ಮ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಹೋಯಿತು. ನಮ್ಮ ಪಕ್ಕದ ಕೇರಿಯ ಹುಡುಗಿಯೊಬ್ಬಳು ಅದುವರೆಗೆ ಅದರಲ್ಲಿ ಹಾಕಿದ್ದ ನೃತ್ಯಗಳ ಒಂದು ಪ್ರತಿಯೂ ಅವಳ ಬಳಿ ಇರಲಿಲ್ಲ. ಹೀಗಾಗಿ ಕತ್ತರಿಸದ ಮೂಲಚಿತ್ರಗಳು ನನ್ನಲ್ಲಿ ಎರಡು ಹಾರ್ಡ್ ಡಿಸ್ಕುಗಳಲ್ಲಿ ಇವೆ, ಒಂದು ಮನೆಯಲ್ಲಿ, ಇನ್ನೊಂದು ತವರಿನಲ್ಲಿ, ಅಂದರೆ ನಿಮ್ಮ ಅತ್ತೆಯ ಕಪಾಟಿನಲ್ಲಿ ಸೀರೆಗಳ ಕೆಳಗೆ. ಹಾಡಿನ ವಿಡಿಯೋಗಳನ್ನು ಹಾಡಿದವರ ಒಪ್ಪಿಗೆ ಪಡೆದು ಇಂಟರ್‌ನೆಟ್ ಆರ್ಕೈವ್‌ಗೂ ಏರಿಸುತ್ತೇನೆ, ಅಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಾಗೆಯೇ, ಗುಂಪಿನಲ್ಲಿರುವ ಎಲ್ಲರಿಗೂ ಒಂದು ವಿನಂತಿ. ನನ್ನ ವಿಡಿಯೋವನ್ನು ಇಳಿಸಿಕೊಂಡು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಬೇಡಿ, ಲಿಂಕನ್ನೇ ಕಳುಹಿಸಿ. ಹಾಗೆ ತಿರುಗಾಡಿದ ಒಂದು ಪ್ರತಿಯನ್ನು ದೊಡ್ಡ ಪುಟವೊಂದು ನನ್ನ ಹೆಸರನ್ನು ಕತ್ತರಿಸಿ ಹಾಕಿಕೊಂಡಿತ್ತು, ತೆಗೆಸುವಷ್ಟರಲ್ಲಿ ಹನ್ನೊಂದು ದಿನ ಕಳೆದಿದ್ದವು.

ಆದ್ದರಿಂದ ಭಾವ, ಮನೆಯವರಿಗೆ ಹಣ ಹಾಕುವ ಮನಸ್ಸಿದ್ದರೆ ಹೀಗೆ ಮಾಡೋಣ. ಎರಡು ಲಕ್ಷವನ್ನು ಒಮ್ಮೆಗೇ ಅಂಗಡಿಗೆ ಕೊಡುವ ಬದಲು, ನಾವು ಹನ್ನೆರಡು ಮನೆಯವರು ತಿಂಗಳಿಗೊಬ್ಬರಂತೆ 5,000 ಕೊಟ್ಟು ಪುಟ್ಟನಿಂದ ಹನ್ನೆರಡು ವಿಡಿಯೋ ಮಾಡಿಸೋಣ, ಒಟ್ಟು 60,000 ಆಗುತ್ತದೆ. ಅವನು ಕೆಲಸದಲ್ಲಿದ್ದುಕೊಂಡೇ ಶನಿವಾರ, ಭಾನುವಾರ ಚಿತ್ರಿಸಲಿ. ಹನ್ನೆರಡನೆಯ ವಿಡಿಯೋ ಆಗುವಷ್ಟರಲ್ಲಿ ನಮ್ಮ ಕುಟುಂಬದ ಹೊರಗಿನ ಎಷ್ಟು ಮನೆಗಳು ಅವನನ್ನು ಕರೆಯುತ್ತಿವೆ ಎಂಬುದು ಗೊತ್ತಾಗುತ್ತದೆ, ಕೆಲಸ ಬಿಡುವ ಮಾತನ್ನು ಆಗ ಆಡಬಹುದು. ಮೊದಲನೆಯ ಐದು ಸಾವಿರ ನನ್ನದು, ವಿಷಯ ಆಲೆಮನೆ. ಆ ಹಿರಿಯರು ಈ ಸಲ ಊರಿಗೆ ಬಂದಿದ್ದಾರೆಂದು ಕೇಳಿದೆ. ಮುಂದಿನ ಶನಿವಾರ ರಾತ್ರಿಯ ಬಸ್ಸಿಗೆ ಪುಟ್ಟನನ್ನು ಹತ್ತಿಸಿ. ಅವನು ತನ್ನ ಹಳೆಯ ಫೋನು ಮತ್ತು ಒಂದು ಬೆಚ್ಚನೆಯ ಸ್ವೆಟರ್ ತಂದರೆ ಸಾಕು, ಮೈಕು ನನ್ನ ಬಳಿ ಎರಡಿವೆ.