ಹಳೆಯ ಹಂಚಿನ ಮನೆಗೆ ಹೊಸ ಕೋಣೆ: ಪತ್ತನಾಜೆಗೆ ಮೊದಲು ಸ್ಲ್ಯಾಬ್ ಆಗಲೇಬೇಕೇ?

ಪುತ್ತೂರಿನಿಂದ ವಿನಂತಿ: ನಮ್ಮದು ಅಜ್ಜನ ಕಾಲದ ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆ. ಹಿಂಬದಿಗೆ ಅಡುಗೆಮನೆಯನ್ನೂ ಎರಡು ಕೋಣೆಗಳನ್ನೂ ಸೇರಿಸುತ್ತಿದ್ದೇವೆ. ಜನವರಿಯಲ್ಲಿ ಆರಂಭವಾದ ಕೆಲಸ ಏಪ್ರಿಲ್ ಕೊನೆಗೂ ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟದಲ್ಲೇ ನಿಂತಿದೆ. ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ವಾರದ ಸುಮಾರಿಗೆ ಬರುವ ತುಳುನಾಡಿನ ಪತ್ತನಾಜೆಯೊಳಗೆ ಸ್ಲ್ಯಾಬ್ ಮುಗಿಸಲು ಇನ್ನೊಂದು ಕಂತು ಮುಂಗಡ ಬೇಕೆಂದು ಗುತ್ತಿಗೆದಾರರು ಕೇಳುತ್ತಿದ್ದಾರೆ. ಇಂಥ ಕೆಲಸ ಮಾಡಿಸಿದವರು ಅನುಭವ ತಿಳಿಸಬೇಕು.

ಸುಳ್ಯದಿಂದ: ಎಂಟು ವರ್ಷಗಳ ಹಿಂದೆ ನಾವೂ ಇದೇ ಗಡಿಬಿಡಿಯಲ್ಲಿ ಮೇ ಮೂರನೆಯ ವಾರ ಸ್ಲ್ಯಾಬ್ ಹಾಕಿಸಿದೆವು. ಸ್ಲ್ಯಾಬಿಗೆ ಏನೂ ಆಗಲಿಲ್ಲ. ಕಾಟ ಕೊಟ್ಟದ್ದು ಹಳೆಯ ಮನೆ ಮತ್ತು ಹೊಸ ಕಟ್ಟಡ ಕೂಡುವ ಸಂದು. ಹಳೆಯ ಪಂಚಾಂಗ (ಅಡಿಪಾಯ) ಇಷ್ಟು ವರ್ಷಗಳಲ್ಲಿ ಕೂರುವಷ್ಟು ಕೂತಾಗಿತ್ತು, ಹೊಸದು ಮೊದಲ ಮಳೆಗಾಲದಲ್ಲೇ ತುಸು ಇಳಿಯಿತು. ಮೇಸ್ತ್ರಿಯವರು ಹೊಸ ಗೋಡೆಯ ಕಲ್ಲುಗಳನ್ನು ಹಳೆಯ ಗೋಡೆಗೆ ಹಲ್ಲು ಕಚ್ಚಿಸಿ ಕಟ್ಟಿದ್ದರಿಂದ ನೆಲದಿಂದ ಲಿಂಟಲಿನವರೆಗೆ ಗೋಡೆ ಸೀಳಿತು. ಸಾಲದ್ದಕ್ಕೆ ಸ್ಲ್ಯಾಬಿನ ಮಟ್ಟ ಹಂಚಿನ ಮಾಡಿನ ಅಂಚಿಗಿಂತ ಎತ್ತರದಲ್ಲಿತ್ತು. ವರ್ಷಕ್ಕೆ 3,500 ಮಿ.ಮೀ. ದಾಟಿ ಸುರಿಯುವ ನಮ್ಮ ಕಡೆಯ ಮಳೆಗೆ ಮಾಡಿನ ನೀರೆಲ್ಲ ಆ ಮೂಲೆಯಲ್ಲಿ ನಿಂತು ಹಂಚು ಹೊರುವ ಮರದ ಪಕಾಸುಗಳೇ ಕುಂಬಾಗಿ ಕೊಳೆತವು. ಮರುವರ್ಷ ಸಂದನ್ನು 25 ಮಿ.ಮೀ. ಬಿಡಿಸಿ, ನಡುವೆ ಥರ್ಮಾಕೋಲ್ ಹಾಳೆಯಿಟ್ಟು, ಮೇಲೆ ಹಿಗ್ಗುವ ಸೀಲೆಂಟ್ ತುಂಬಿ, ಅಲ್ಯೂಮಿನಿಯಂ ತಗಡು ಹೊದೆಸಿ, ಮಾಡಿನ ನೀರು ಹರಿದುಹೋಗಲು ಅಗಲವಾದ ದಂಬೆ ಕೂರಿಸಬೇಕಾಯಿತು. ನಿಮ್ಮ ಕೆಲಸ ಲಿಂಟಲಿನಲ್ಲೇ ನಿಂತಿರುವುದನ್ನು ನಾನಾದರೆ ಅದೃಷ್ಟವೆನ್ನುತ್ತೇನೆ, ಏಕೆಂದರೆ ಈ ಎರಡನ್ನೂ ಈಗ ಸರಿಪಡಿಸಬಹುದು.

ಬೆಳ್ತಂಗಡಿಯಿಂದ, ಕಟ್ಟಡ ಇಂಜಿನಿಯರ್: ಮಳೆಯ ಭಯ ಅರ್ಧ ಮಾತ್ರ ನಿಜ. ಕಾಂಕ್ರೀಟು ಸುರಿದ ಮೊದಲ ಕೆಲವು ಗಂಟೆಗಳಲ್ಲಿ ಮಳೆ ಬಂದರೆ ಸಿಮೆಂಟಿನ ಹಾಲು ತೊಳೆದುಹೋಗುತ್ತದೆ. ಆದ್ದರಿಂದ ಟಾರ್ಪಾಲು ಕೈಗೆಟುಕುವಂತಿರಲಿ. ಗಟ್ಟಿಯಾದ ಮರುದಿನದಿಂದ ಅದೇ ಮಳೆ ಬಿಟ್ಟಿಯಾಗಿ ಕ್ಯೂರಿಂಗ್ ಮಾಡುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಪಿ.ಪಿ.ಸಿ. (ಪೊಜೊಲಾನ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಸ್ಲ್ಯಾಬಿನ ಆಧಾರದ ಕಂಬಗಳನ್ನು 4.5 ಮೀಟರ್‌ವರೆಗಿನ ಹರವಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಆ ಲೆಕ್ಕ ಒ.ಪಿ.ಸಿ. (ಏನೂ ಬೆರೆಸದ ಸಾಮಾನ್ಯ) ಸಿಮೆಂಟಿನದು, ಪಿ.ಪಿ.ಸಿ. ಬಳಸಿದ್ದರೆ ಇನ್ನೂ ಕಾಯಬೇಕು. ಅವಸರದಲ್ಲಿ ನಿಜವಾಗಿ ಕೆಡುವುದು ಇಲ್ಲಿಯೇ: ಸ್ಲ್ಯಾಬನ್ನು ಹೊತ್ತು ನಿಂತ ಸೆಂಟ್ರಿಂಗ್ ಹಲಗೆ ಇನ್ನೊಂದು ಮನೆಗೆ ಬೇಕೆಂದು ಬೇಗ ಬಿಚ್ಚಿಬಿಡುತ್ತಾರೆ.

ಬಂಟ್ವಾಳದಿಂದ, ಗೃಹಿಣಿ: ಮುಂಗಡದ ಬಗ್ಗೆ ಒಂದೇ ಮಾತು. ಕಂತನ್ನು ತಿಂಗಳಿಗೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ: ಕಬ್ಬಿಣ ಕಟ್ಟಿ ಇಂಜಿನಿಯರ್ ನೋಡಿದ ಮೇಲೆ ಒಂದಿಷ್ಟು, ಸ್ಲ್ಯಾಬ್ ಆದ ಮೇಲೆ ಒಂದಿಷ್ಟು. ಕಬ್ಬಿಣ, ಸಿಮೆಂಟಿಗೆ ತುರ್ತು ಎಂದರೆ ಅಂಗಡಿಗೆ ನೀವೇ ಪಾವತಿ ಮಾಡಿ. ಅಡುಗೆಮನೆಯ ಮೇಲೆ ಬರುವ ವಿದ್ಯುತ್ ಕೊಳವೆಗಳನ್ನು ಸ್ಲ್ಯಾಬಿಗೆ ಮುಂಚೆಯೇ ಎಣಿಸಿಕೊಳ್ಳಿ. ನಮ್ಮಲ್ಲಿ ಚಿಮಣಿಯ ತಂತಿ ಮರೆತು ಆಮೇಲೆ ಗೋಡೆ ಕೊರೆದೆವು.

ಪುತ್ತೂರಿನಿಂದ, ಹನ್ನೆರಡು ದಿನಗಳ ಬಳಿಕ: ಎಲ್ಲರಿಗೂ ಕೃತಜ್ಞತೆಗಳು. ನಮ್ಮಲ್ಲೂ ಮೂರು ವರಸೆ ಕಲ್ಲುಗಳನ್ನು ಹಲ್ಲು ಕಚ್ಚಿಸಿದ್ದರು. ಬಿಡಿಸಿ ಸಂದು ಮಾಡಿಸಿದ್ದೇವೆ. ಸ್ಲ್ಯಾಬಿನ ಮಟ್ಟವನ್ನು ಮಾಡಿನ ಅಂಚಿನ ಕೆಳಗೆ ತಂದರೆ ಕೋಣೆಯ ಎತ್ತರ ಅರ್ಧ ಅಡಿ ಕಡಿಮೆಯಾಗುತ್ತದೆ, ಅದಕ್ಕೆ ಮನೆಯವರೆಲ್ಲ ಒಪ್ಪಿದ್ದಾರೆ. ಕಬ್ಬಿಣ ನಾಳೆ ಬರುತ್ತದೆ. ದಂಬೆಗೆ ತಗಡು ಸಾಕೇ, ಕಾಂಕ್ರೀಟಿನದೇ ಬೇಕೇ ಎಂಬುದೊಂದು ತೀರ್ಮಾನವಾಗಬೇಕಿದೆ.